ತುಮಕೂರಲ್ಲಿ ಮನೆಯಲ್ಲೇ ಇಸಿಯು ಟ್ಯೂನ್ ಮಾಡಬೇಕು, 25 ಸಾವಿರ ಇದೆ: ಯಾವ ಟೂಲ್ ತಗೊಳ್ಳಲಿ?

ಕೆಎ-06 ಎಸ್ಟೀಮ್

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 2004ರ ಮಾರುತಿ ಎಸ್ಟೀಮ್ ವಿಎಕ್ಸ್ ಕಾರಿದೆ. ಎಂಪಿಎಫ್‌ಐ, 1.3 ಲೀಟರ್, 16 ವಾಲ್ವ್. ಅಪ್ಪ ಓಡಿಸುತ್ತಿದ್ದ ಗಾಡಿ, ಮಾರೋಕೆ ಮನಸ್ಸಿಲ್ಲ. ಕಳೆದ ವರ್ಷ ಹೆಡರ್ (ಇಂಜಿನ್‌ನಿಂದ ಹೊಗೆ ಹೊರಗೆ ತರುವ ಪೈಪುಗಳು), ದಪ್ಪ ಪೈಪಿನ ಸೈಲೆನ್ಸರ್, ಕೋನ್ ಫಿಲ್ಟರ್ ಹಾಕಿಸಿದೆ. ಶಬ್ದ ಜಾಸ್ತಿ ಆಯಿತು, ಓಟ ಜಾಸ್ತಿ ಆಗಲಿಲ್ಲ. ದೇವರಾಯನದುರ್ಗದ ಏರಿನಲ್ಲಿ 4,000 ಆರ್‌ಪಿಎಂ ದಾಟಿದರೆ ಯಾರೋ ಹಿಂದಿನ ಬಂಪರ್ ಹಿಡಿದುಕೊಂಡ ಹಾಗೆ ಆಗುತ್ತದೆ.

ಗ್ಯಾರೇಜಿನವರು "ಇಸಿಯು ಟ್ಯೂನ್ ಮಾಡಿಸು, ಹೆಡರ್ ಹಾಕಿದ್ದು ಅದಕ್ಕೆ ಗೊತ್ತಿಲ್ಲ" ಅಂದರು. ಇಸಿಯು ಅಂದರೆ ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಅಂತ ನಿರ್ಧರಿಸುವ ಇಂಜಿನ್ ಕಂಪ್ಯೂಟರ್. ಬೆಂಗಳೂರಿಗೆ ಫೋನ್ ಮಾಡಿದೆ. ಒಬ್ಬರು ಇಷ್ಟು ಹಳೇ ಗಾಡಿ ಮುಟ್ಟುವುದಿಲ್ಲ ಅಂದರು. ಇನ್ನೊಬ್ಬರು ಪಿಗ್ಗಿಬ್ಯಾಕ್ ಡಬ್ಬಿ (ಇಸಿಯುವಿನ ಸಿಗ್ನಲ್ ನಡುವೆ ಕೂತು ಅದನ್ನು ತಿದ್ದುವುದು) ಹಾಕಿಕೊಡುತ್ತೇವೆ ಅಂದರು. ಸರಿ, ನಾನೇ ಮಾಡಿಕೊಳ್ಳೋಣ ಅಂತ ಹೊರಟಿದ್ದೇನೆ. ಮೂರು ದಾರಿ ಕಾಣುತ್ತಿದೆ: ಇಸಿಯು ಒಳಗಿನ ಫೈಲ್ ಓದಿ ಬರೆಯುವ, ಆನ್‌ಲೈನಲ್ಲಿ 7 ಸಾವಿರಕ್ಕೆ ಸಿಗುವ ಫ್ಲ್ಯಾಶ್ ಟೂಲ್, ಹಳೇ ಇಸಿಯು ಬದಲು ನಾವೇ ಕಟ್ಟಿಕೊಳ್ಳುವ ಸ್ಪೀಡುಯಿನೋ, ಇಲ್ಲಾ ಪಿಗ್ಗಿಬ್ಯಾಕ್. ಹಿರೇಹಳ್ಳಿಯಲ್ಲಿ ಸಿಎನ್‌ಸಿ ಮಷಿನ್ ಮೇಲೆ ಕೆಲಸ ನನ್ನದು. ಸ್ಪ್ಯಾನರ್ ಹಿಡಿಯೋಕೆ ಭಯ ಇಲ್ಲ, ಕೋಡಿಂಗ್ ಗೊತ್ತಿಲ್ಲ. ಲ್ಯಾಪ್‌ಟಾಪ್ ಇದೆ. ಯಾವುದು ತಗೊಳ್ಳಲಿ?

ತಿಪಟೂರು ಕೊಬ್ಬರಿ

7 ಸಾವಿರದ ಟೂಲ್ ಬೇಡ. ಬೇಡವೇ ಬೇಡ. ನಾನು ತಗೊಂಡಿದ್ದೆ. ಹೆಸರು ಹೇಳುವುದಿಲ್ಲ, ಒಂದು ಒಳ್ಳೆಯ ಟೂಲಿನ ನಕಲು ಅದು. ನನ್ನದು 2012ರ ಡೀಸೆಲ್ ಹ್ಯಾಚ್‌ಬ್ಯಾಕ್.

ಓದುವ ಕೆಲಸ ಚೆನ್ನಾಗಿ ಆಯಿತು. ಫೈಲ್ ಬಂತು, ಖುಷಿಯಾಯಿತು. ಬರೆಯೋಕೆ ಕೂತೆ. ಬ್ಯಾಟರಿ ಇಳಿಯಬಾರದು ಅಂತ ಚಾರ್ಜರ್ ಸಿಕ್ಕಿಸಿದ್ದೆ, ಜಾಣ ಅಂದುಕೊಂಡೆ. ನೂರಕ್ಕೆ 63 ಬರೆದಾಗ ಕರೆಂಟ್ ಹೋಯಿತು. ನಮ್ಮ ಕಡೆ ಗೊತ್ತಲ್ಲ. ಚಾರ್ಜರ್ ಆಫ್. ಅದೇ ಹೊತ್ತಿಗೆ ರೇಡಿಯೇಟರ್ ಫ್ಯಾನ್ ತನ್ನಷ್ಟಕ್ಕೆ ತಾನೇ ತಿರುಗಲು ಶುರು ಮಾಡಿತು. ಇಸಿಯು ಬರೆಸಿಕೊಳ್ಳುವಾಗ ಎಷ್ಟೋ ಗಾಡಿಗಳಲ್ಲಿ ಫ್ಯಾನ್ ಓಡುತ್ತದೆ, ಅದು ಆಮೇಲೆ ಗೊತ್ತಾಯಿತು. ವೋಲ್ಟೇಜ್ 11.6ಕ್ಕೆ ಬಂತು, ಪರದೆಯಲ್ಲಿ ಕೆಂಪು ಅಕ್ಷರ. ಇಗ್ನಿಷನ್ ಆನ್ ಮಾಡಿದರೆ ಇಂಜಿನ್ ಲೈಟ್ ಕೂಡ ಹತ್ತಲಿಲ್ಲ.

ಬೆಂಗಳೂರಿನ ಜೆ.ಸಿ. ರೋಡಿನಿಂದ ಹಳೇ ಇಸಿಯು ತಂದೆ. ಹಾಕಿದರೆ ಇಮೊಬಿಲೈಸರ್ (ಕಳ್ಳತನ ತಡೆಯುವ ಬೀಗ) ಒಪ್ಪಲಿಲ್ಲ. ಕೀಯ ಗುರುತು ಬೇರೆ, ಡಬ್ಬಿಯ ಗುರುತು ಬೇರೆ. ಕೊನೆಗೆ ಗಾಡಿಯನ್ನು ಕ್ಯಾರಿಯರ್ ಮೇಲೆ ಹಾಕಿಕೊಂಡು ಬೆಂಗಳೂರಿಗೆ ಹೋದೆ. ಒಟ್ಟು 31 ಸಾವಿರ. ಉಳಿಸೋಕೆ ಹೋಗಿದ್ದು 12 ಸಾವಿರ.

ಕೆಎ-06 ಎಸ್ಟೀಮ್

ಅಯ್ಯಪ್ಪಾ.

ಸ್ಪ್ಯಾನರ್ ಮಾವ

ಟೂಲ್ ಆಮೇಲೆ. ಮೊದಲು ಹೇಳು, ಫ್ಯೂಯೆಲ್ ಪ್ರೆಶರ್ ಎಷ್ಟಿದೆ? ಫಿಲ್ಟರ್ ಯಾವಾಗ ಬದಲಾಯಿಸಿದೆ? ಟೈಮಿಂಗ್ ಲೈಟ್ ಹಿಡಿದು ಕಿಡಿ ಸರಿಯಾದ ಹೊತ್ತಿಗೆ ಬರುತ್ತಿದೆಯಾ ನೋಡಿದೀಯಾ? ಇಪ್ಪತ್ತು ವರ್ಷದ ಗಾಡಿ ಎಳೆಯುತ್ತಿಲ್ಲ ಅಂದರೆ ಕಂಪ್ಯೂಟರ್ ಮೇಲೆ ಯಾಕೆ ಅನುಮಾನ? ಅದರಲ್ಲಿ ತಿರುಗೋದು, ಸವೆಯೋದು ಏನಿದೆ?

ನಾನು ಕಾರ್ಬುರೇಟರ್ ಕಾಲದವನು. ಪ್ಲಗ್ ಬಿಚ್ಚಿ ಬಣ್ಣ ನೋಡುತ್ತಿದ್ದೆವು. ಕಪ್ಪು ಇದ್ದರೆ ಪೆಟ್ರೋಲ್ ಜಾಸ್ತಿ, ಬಿಳಿ ಇದ್ದರೆ ಕಡಿಮೆ. ಈಗಿನವರು ಲ್ಯಾಪ್‌ಟಾಪ್ ತೆರೆಯುತ್ತೀರಿ, ಬಾನೆಟ್ ತೆರೆಯುವುದಿಲ್ಲ.

ಕ್ಯಾತ್ಸಂದ್ರ ಕೋಡು

ಮಾವನ ಮಾತು ಅರ್ಧ ಒಪ್ಪುತ್ತೇನೆ. ಪ್ಲಗ್ ಬಣ್ಣ ಈಗಿನ ಪೆಟ್ರೋಲ್‌ನಲ್ಲಿ ಸರಿಯಾಗಿ ಹೇಳುವುದಿಲ್ಲ. ಆದರೆ "ಮೊದಲು ನೋಡು" ಅನ್ನುವುದು ನೂರಕ್ಕೆ ನೂರು ಸರಿ.

ಎಸ್ಟೀಮಣ್ಣ, ನೀನು ಕೇಳಿದ ಮೂರೂ ಬರೆಯುವ ಟೂಲುಗಳು. ನಿನ್ನ ಹತ್ತಿರ ನೋಡುವ ಟೂಲ್ ಒಂದೂ ಇಲ್ಲ. ಕಣ್ಣು ಕಟ್ಟಿಕೊಂಡು ಪೆನ್ನು ಯಾವ ಕಂಪನಿಯದು ತಗೊಳ್ಳಲಿ ಅಂದ ಹಾಗಾಯಿತು.

ಗಾಡಿಯಲ್ಲಿ ಈಗಾಗಲೇ ಒಂದು ಆಕ್ಸಿಜನ್ ಸೆನ್ಸರ್ ಇದೆ, ನ್ಯಾರೋಬ್ಯಾಂಡ್. ಅದು ಹೇಳುವುದು ಒಂದೇ ಮಾತು: ಪೆಟ್ರೋಲ್ ಜಾಸ್ತಿಯೋ, ಕಡಿಮೆಯೋ. 0.45 ವೋಲ್ಟ್ ಸುತ್ತ ಆ ಕಡೆ ಈ ಕಡೆ ನೆಗೆಯುತ್ತದೆ. ಎಷ್ಟು ಜಾಸ್ತಿ, ಎಷ್ಟು ಕಡಿಮೆ ಅಂತ ಕೇಳಿದರೆ ಬಾಯಿ ಬಿಡುವುದಿಲ್ಲ. ಸಮವಾಗಿ ಓಡಿಸುವಾಗ ಇಸಿಯುಗೆ ಅಷ್ಟು ಸಾಕು. ಆಕ್ಸಿಲರೇಟರ್ ಪೂರ್ತಿ ತುಳಿದ ತಕ್ಷಣ ಇಸಿಯು ಆ ಸೆನ್ಸರಿನ ಮಾತು ಕೇಳುವುದನ್ನೇ ಬಿಡುತ್ತದೆ. ತನ್ನ ಕೋಷ್ಟಕದಲ್ಲಿ ಬರೆದಷ್ಟು ಪೆಟ್ರೋಲ್ ಹಾಕುತ್ತದೆ, ಅಷ್ಟೇ. ನಿನಗೆ ತೊಂದರೆ ಬರುತ್ತಿರುವುದೂ ಅಲ್ಲೇ ಅಲ್ವಾ?

ಅಲ್ಲಿ ನೋಡೋಕೆ ವೈಡ್‌ಬ್ಯಾಂಡ್ ಬೇಕು, ಎಷ್ಟು ಅಂತಲೂ ಹೇಳುವ ಆಕ್ಸಿಜನ್ ಸೆನ್ಸರ್. ಬಾಷ್‌ನ ಎಲ್‌ಎಸ್‌ಯು 4.9 ಸೆನ್ಸರ್, ಜೊತೆಗೆ ಒಂದು ಕಂಟ್ರೋಲರ್. ಇನ್ನೋವೇಟ್, ಎಇಎಂ, 14ಪಾಯಿಂಟ್7 ಇವರದೆಲ್ಲ ಸಿಗುತ್ತದೆ. ಹಳೇ 4.2 ಸೆನ್ಸರಿನ ಕಿಟ್ ಅಗ್ಗಕ್ಕೆ ಬಂದರೆ ಯೋಚಿಸಿ ತಗೋ. ಅದನ್ನು ಆಗಾಗ ಹೊರಗೆ ತೆಗೆದು ಬರೀ ಗಾಳಿಯಲ್ಲಿ ಸರಿ ಹೊಂದಿಸುತ್ತಿರಬೇಕು. 4.9ಕ್ಕೆ ಆ ಕಾಟ ಇಲ್ಲ. ನನಗೆ ಕಸ್ಟಮ್ಸ್ ಎಲ್ಲಾ ಸೇರಿ 19 ಸಾವಿರ ಬಿತ್ತು. ನಿನ್ನ 25ರಲ್ಲಿ ಮುಕ್ಕಾಲು ಪಾಲು ಅಲ್ಲೇ ಹೋಗುತ್ತದೆ, ಹೋಗಲಿ. ಮುಂದೆ ಯಾವ ದಾರಿ ಹಿಡಿದರೂ, ಗಾಡಿ ಬದಲಾಯಿಸಿದರೂ, ಅದು ಕೈಯಲ್ಲೇ ಇರುತ್ತದೆ.

ಇನ್ನೊಂದು. ಟೂಲ್ ಆರಿಸುವುದು ಕಾರಿನ ಹೆಸರು ನೋಡಿ ಅಲ್ಲ, ಇಸಿಯು ಮೇಲಿನ ಚೀಟಿ ನೋಡಿ. ಒಂದೇ ಮಾಡೆಲ್, ಒಂದೇ ಬಣ್ಣ, ಆರು ತಿಂಗಳ ಅಂತರದಲ್ಲಿ ಒಳಗಿನ ಡಬ್ಬಿ ಬೇರೆ ಇರುತ್ತದೆ. ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕಿ ಆ ನಂಬರ್ ಬರೆದುಕೋ.

ಕೆಎ-06 ಎಸ್ಟೀಮ್

ನಂಬರ್ ಬರೆದುಕೊಂಡೆ. ಕತ್ತು ಹಿಡಿದುಕೊಂಡಿದೆ.

450 ರೂಪಾಯಿ ಕೊಟ್ಟು ಬ್ಲೂಟೂತ್ ಎಲ್ಮ್ 327 (ಇಸಿಯು ಹೇಳುವುದನ್ನು ಮೊಬೈಲಿಗೆ ಕಳಿಸುವ ಸಾಮಾನು) ತಗೊಂಡಿದ್ದೆ, ಅದರಲ್ಲಿ ಏನಾದರೂ ಕಾಣುತ್ತದಾ ಅಂತ. ನನ್ನ ಗಾಡಿ ಜೊತೆ ಮಾತೇ ಆಡುತ್ತಿಲ್ಲ. ಪಕ್ಕದ ಮನೆಯವರ 2016ರ ಕಾರಿಗೆ ಹಾಕಿದರೆ ತಕ್ಷಣ ಬಂತು.

ಕ್ಯಾತ್ಸಂದ್ರ ಕೋಡು

ಬರುವುದಿಲ್ಲ. ನಮ್ಮ ದೇಶದಲ್ಲಿ ಕಾರುಗಳಿಗೆ ಒಬಿಡಿ-2 (ಎಲ್ಲಾ ಕಂಪನಿಗೂ ಒಂದೇ ಆದ ತಪಾಸಣೆಯ ಭಾಷೆ) ಕಡ್ಡಾಯ ಆಗಿದ್ದು 2013ರ ಏಪ್ರಿಲ್‌ನಿಂದ. ಅದಕ್ಕಿಂತ ಮುಂಚಿನ ಗಾಡಿಗಳಲ್ಲಿ ಒಂದೊಂದು ಕಂಪನಿ ಒಂದೊಂದು ಭಾಷೆ ಇಟ್ಟುಕೊಂಡಿತ್ತು. ಸಾಕೆಟ್ ಇದ್ದ ಮಾತ್ರಕ್ಕೆ ಒಳಗೆ ಒಬಿಡಿ-2 ಇದೆ ಅಂತ ಅಲ್ಲ.

ಎಲ್ಮ್ ಬಗ್ಗೆ ಬೇರೆಯವರಿಗೂ ಹೇಳಿಬಿಡುತ್ತೇನೆ. ಅದು ಓದುವ ಸಾಮಾನು, ಬರೆಯುವುದಲ್ಲ. ಅದರಿಂದ ಟ್ಯೂನ್ ಮಾಡುತ್ತೇವೆ ಅನ್ನುವ ಆ್ಯಪ್ ಕಂಡರೆ ಫೋನ್ ಕೆಳಗಿಡಿ. ಅಂಗಡಿಯಲ್ಲಿ ಸಿಗುವುದು ಹೆಚ್ಚು ಕಡಿಮೆ ಎಲ್ಲಾ ನಕಲು. ಆದರೂ 2013ರ ನಂತರದ ಗಾಡಿ ಇದ್ದವರಿಗೆ 450 ರೂಪಾಯಿಗೆ ಇದಕ್ಕಿಂತ ಒಳ್ಳೆಯ ಟೂಲ್ ಇಲ್ಲ. ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಅಂತ ಎರಡು ಫ್ಯೂಯೆಲ್ ಟ್ರಿಮ್ ಇರುತ್ತದೆ, ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ತಿದ್ದುತ್ತಿದೆ ಅಂತ ಹೇಳುವುದು, ಅವನ್ನು ನೋಡಿ. ಎರಡೂ ಕೂಡಿಸಿ ಹತ್ತರ ಒಳಗಿದ್ದರೆ ಚಿಂತೆ ಇಲ್ಲ. ಪ್ಲಸ್ 20 ತೋರಿಸುತ್ತಿದ್ದರೆ ಎಲ್ಲೋ ಗಾಳಿ ಕಳ್ಳದಾರಿಯಲ್ಲಿ ಒಳಗೆ ನುಗ್ಗುತ್ತಿದೆ, ಇಲ್ಲಾ ಪೆಟ್ರೋಲ್ ಸಾಲುತ್ತಿಲ್ಲ.

ಪಾವಗಡ ಬಿಸಿಲು

ಎಲ್ಲರೂ ಸುತ್ತಿ ಬಳಸಿ ಹೇಳುತ್ತಿದ್ದೀರಿ. ಹಳೇ ಗಾಡಿಗೆ ಸ್ಪೀಡುಯಿನೋ ಹಾಕಿ ಮುಗಿಸಬೇಕು. ನಾನು ಹಳೇ ಜಿಪ್ಸಿಗೆ ಹಾಕಿದ್ದೇನೆ. ರೋಡಿಗೆ ಇಳಿಸುವುದಿಲ್ಲ, ನಮ್ಮ ಜಮೀನಲ್ಲಿ, ಬಂಡೆ ಮೇಲೆ ಓಡಿಸುವ ಗಾಡಿ.

ಒಳಗೆ ಇರುವುದು ಆರ್ಡುಯಿನೋ ಮೆಗಾ 2560. ಸ್ಕೂಲ್ ಮಕ್ಕಳು ಪ್ರಾಜೆಕ್ಟ್‌ಗೆ ತಗೊಳ್ಳುತ್ತಾರಲ್ಲ, ಅದೇ. ಅದರ ಮೇಲೆ ಇನ್ನೊಂದು ಬೋರ್ಡ್ ಕೂರಿಸಿದರೆ ನಾಲ್ಕು ಇಂಜೆಕ್ಟರ್, ನಾಲ್ಕು ಇಗ್ನಿಷನ್ ಓಡಿಸುತ್ತದೆ. ಸಾಫ್ಟ್‌ವೇರ್ ಎಲ್ಲಾ ಮುಕ್ತ, ಯಾರು ಬೇಕಾದರೂ ತೆರೆದು ನೋಡಬಹುದು. ಲ್ಯಾಪ್‌ಟಾಪಲ್ಲಿ ಟ್ಯೂನರ್‌ಸ್ಟುಡಿಯೋ. ಮೆಗಾಸ್ಕ್ವರ್ಟ್ ಅನ್ನುವ ಇನ್ನೊಂದು ಇಸಿಯುನವರು ಬಳಸುವುದೂ ಅದನ್ನೇ. ಉಚಿತ ಆವೃತ್ತಿಯಲ್ಲಿ ಕೆಲಸ ನಡೆಯುತ್ತದೆ. ದುಡ್ಡು ಕೊಟ್ಟರೆ, ಗಾಡಿ ಓಡುತ್ತಿರುವಾಗಲೇ ವೈಡ್‌ಬ್ಯಾಂಡ್ ನೋಡಿಕೊಂಡು ಪೆಟ್ರೋಲ್ ಕೋಷ್ಟಕವನ್ನು ತಾನೇ ತಿದ್ದುತ್ತದೆ.

ಸ್ಪ್ಯಾನರ್ ಮಾವ

ಎಷ್ಟು ದಿನ ಹಿಡಿಯಿತು?

ಪಾವಗಡ ಬಿಸಿಲು

ಸುಳ್ಳು ಯಾಕೆ ಹೇಳಲಿ. ನಾಲ್ಕು ತಿಂಗಳ ಭಾನುವಾರಗಳು.

ಮೊದಲ ತಿಂಗಳು ಬರೀ ಕ್ರ್ಯಾಂಕ್ ಸಿಗ್ನಲ್‌ಗೆ ಹೋಯಿತು. ಇಂಜಿನ್ ಎಲ್ಲಿದೆ ಅಂತ ಇಸಿಯುಗೆ ಹೇಳುವುದು ಹಲ್ಲಿನ ಚಕ್ರ. 36 ಹಲ್ಲು, ಅದರಲ್ಲಿ ಒಂದು ಇಲ್ಲ. ಆ ಖಾಲಿ ಜಾಗ ಬಂದಾಗ "ಇಲ್ಲಿಂದ ಎಣಿಸು" ಅಂತ ಅರ್ಥ. ನಾನು ಸೆನ್ಸರಿನ ಎರಡು ವೈರ್ ಅದಲು ಬದಲು ಮಾಡಿದ್ದೆ. ಗಾಡಿ ಸ್ಟಾರ್ಟ್ ಆಗುತ್ತಿತ್ತು, 3,000 ಆರ್‌ಪಿಎಂ ಆದರೆ ಢಮ್ ಅಂತ ಸೈಲೆನ್ಸರಲ್ಲಿ ಸಿಡಿಯುತ್ತಿತ್ತು. ಊರಲ್ಲಿ ಪಟಾಕಿ ಅಂದುಕೊಂಡರು.

ಎರಡನೇ ಪಾಠ ಇದಕ್ಕಿಂತ ದೊಡ್ಡದು. ಕೋಷ್ಟಕದ ಸಾಲುಗಳು ಗಾಳಿಯ ಒತ್ತಡದ ಮೇಲೆ ಇರುತ್ತವೆ, ಕಿಲೋಪಾಸ್ಕಲ್‌ನಲ್ಲಿ. ಮೇಲಿನ ಸಾಲು 100. ನಾನು ಇಲ್ಲೇ ತಿಂಗಳುಗಟ್ಟಲೆ ಓಡಿಸಿ ಟ್ಯೂನ್ ಮಾಡಿದೆ, ಎಲ್ಲಾ ಸರಿಯಾಯಿತು. ಗೆಳೆಯರ ಜೊತೆ ಗಾಡಿಯನ್ನು ಲಾರಿ ಮೇಲೆ ಹೇರಿಕೊಂಡು ಕರಾವಳಿ ಕಡೆ ಆಫ್‌ರೋಡ್‌ಗೆ ಹೋದೆವು. ಸಮುದ್ರದ ಪಕ್ಕ ಮರಳಲ್ಲಿ ಪೂರ್ತಿ ತುಳಿದೆ, ಟಣ ಟಣ ಅಂತ ನಾಕಿಂಗ್ (ಒಳಗೆ ಮಿಶ್ರಣ ತಾನಾಗಿ ಸಿಡಿಯುವ ಶಬ್ದ). ಯಾಕೆ ಅಂತ ತಲೆ ಕೆಡಿಸಿಕೊಂಡು ಲಾಗ್ ನೋಡಿದರೆ, ಇಂಜಿನ್ 100ರ ಸಾಲಿಗೆ ಹೋಗಿದ್ದೇ ಅವತ್ತು ಮೊದಲ ಸಲ!

ಕ್ಯಾತ್ಸಂದ್ರ ಕೋಡು

ಇದು ಚಿನ್ನದಂಥ ಮಾತು. ತುಮಕೂರು ಸಮುದ್ರ ಮಟ್ಟಕ್ಕಿಂತ ಸುಮಾರು 820 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡವೇ ಸುಮಾರು 92 ಕಿಲೋಪಾಸ್ಕಲ್. ಟರ್ಬೋ ಇಲ್ಲದ ಇಂಜಿನ್ ಎಷ್ಟು ತುಳಿದರೂ ಅದಕ್ಕಿಂತ ಮೇಲೆ ಹೋಗುವುದಿಲ್ಲ. ಅಂದರೆ ನಾವು ಇಲ್ಲಿ ಎಷ್ಟು ಚೆನ್ನಾಗಿ ಟ್ಯೂನ್ ಮಾಡಿದರೂ ಮೇಲಿನ ಸಾಲು ಊಹೆಯೇ. ಶಿರಾಡಿ ಘಾಟ್ ಇಳಿದ ಮೇಲೆ ಇಂಜಿನ್ ಆ ಊಹೆಯ ಮೇಲೆ ಓಡುತ್ತದೆ. ಆ ಸಾಲಲ್ಲಿ ಪೆಟ್ರೋಲ್ ಸ್ವಲ್ಪ ಜಾಸ್ತಿ, ಟೈಮಿಂಗ್ ಎರಡು ಮೂರು ಡಿಗ್ರಿ ಕಡಿಮೆ ಬರೆದಿಡಬೇಕು.

ಹಾಗೇ, ವಿದೇಶದವರು ಹಂಚಿಕೊಂಡ ಮ್ಯಾಪ್ (ಕೋಷ್ಟಕಗಳ ಫೈಲ್) ಸುಮ್ನೆ ಹಾಕಬೇಡಿ. ಅವರು 98 ಆಕ್ಟೇನ್ ಪೆಟ್ರೋಲ್‌ಗೆ ಬರೆದ ಟೈಮಿಂಗ್ ನಮ್ಮ ಬಂಕಿನ ಪೆಟ್ರೋಲ್‌ಗೆ ಹೊಂದುವುದಿಲ್ಲ.

ಮಧುಗಿರಿ ಬಂಡೆ

ನನ್ನದು ಬಿಎಸ್6 ಟರ್ಬೋ ಪೆಟ್ರೋಲ್, 2021. ನನಗೂ ಇದೇ ಸಲಹೆನಾ?

ಕ್ಯಾತ್ಸಂದ್ರ ಕೋಡು

ಇಲ್ಲ. ನಿನ್ನದು ಬೇರೆ ಲೋಕ. ಆ ಇಸಿಯುಗಳು ಬೀಗ ಹಾಕಿಕೊಂಡು ಬರುತ್ತವೆ. ಒಂದು ಅಂಕಿ ಬದಲಾಯಿಸಿದರೆ ಚೆಕ್‌ಸಮ್, ಅಂದರೆ ಫೈಲಿನ ತಾಳೆ ಲೆಕ್ಕ, ತಪ್ಪುತ್ತದೆ. ಅದನ್ನು ಸರಿ ಮಾಡದೆ ಬರೆದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಕೆಲವು ಡಬ್ಬಿಗಳನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟೇ ಓದಬೇಕು. ಅಸಲಿ ಟೂಲುಗಳಲ್ಲಿ ಮಾಸ್ಟರ್, ಸ್ಲೇವ್ ಅಂತ ಎರಡು ಇವೆ. ಸ್ಲೇವ್ ತಗೊಂಡರೆ ಓದಿದ ಫೈಲ್ ಮುಚ್ಚಿದ ಲಕೋಟೆ ಇದ್ದ ಹಾಗೆ, ಮಾಸ್ಟರ್ ಇಟ್ಟುಕೊಂಡವರು ಮಾತ್ರ ತೆರೆಯಬಹುದು. ಮಾಸ್ಟರ್‌ಗೆ ಲಕ್ಷಗಳಲ್ಲಿ ಮಾತು. ಫೈಲ್ ಒಳಗೆ ಯಾವ ಅಂಕಿ ಯಾವುದಕ್ಕೆ ಅಂತ ಹುಡುಕೋಕೆ ವಿನ್‌ಒಎಲ್‌ಎಸ್ ಥರದ ಸಾಫ್ಟ್‌ವೇರ್, ಅದರ ಬೆಲೆ ಬೇರೆ. ಮನೆಯಲ್ಲಿ ಒಂದು ಗಾಡಿಗೋಸ್ಕರ ಇದೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಡೈನೋ (ನಿಂತಲ್ಲೇ ಗಾಡಿ ಓಡಿಸಿ ಶಕ್ತಿ ಅಳೆಯುವ ಯಂತ್ರ) ಇರುವ ಕಡೆ ಹೋಗು. ವಾರಂಟಿ ಇನ್ನೂ ಇದ್ದರೆ ಅದೂ ಬೇಡ.

ಇವೆರಡರ ನಡುವೆ ಒಂದು ಪುಣ್ಯವಂತರ ಗುಂಪಿದೆ. ಹಳೇ ಸುಬಾರು, ಮಿತ್ಸುಬಿಷಿ ಇದ್ದವರು. ಟ್ಯಾಕ್ಟ್ರಿಕ್ಸ್ ಓಪನ್‌ಪೋರ್ಟ್ ಕೇಬಲ್, ಇಸಿಯುಫ್ಲ್ಯಾಶ್ ಸಾಫ್ಟ್‌ವೇರ್, ಸುಬಾರು ಆದರೆ ರೋಮ್‌ರೈಡರ್. ಎಷ್ಟೋ ಜನ ವರ್ಷಗಟ್ಟಲೆ ಕೂತು ಪ್ರತಿ ಕೋಷ್ಟಕಕ್ಕೂ ಹೆಸರು ಬರೆದಿಟ್ಟಿದ್ದಾರೆ. ಟ್ಯೂನರ್‌ಪ್ರೋ ಕೂಡ ಹೀಗೇ. ಸಾಫ್ಟ್‌ವೇರ್ ಎಲ್ಲರಿಗೂ ಸಿಗುತ್ತದೆ, ಆದರೆ ನಿನ್ನ ಇಸಿಯುಗೆ ಯಾರಾದರೂ ಎಕ್ಸ್‌ಡಿಎಫ್ ಫೈಲ್ (ಯಾವ ಕೋಷ್ಟಕ ಎಲ್ಲಿದೆ ಅಂತ ಹೇಳುವುದು) ಬರೆದಿದ್ದರೆ ಮಾತ್ರ ಉಪಯೋಗ. ಇಲ್ಲದಿದ್ದರೆ ಬರೀ ಅಂಕಿಗಳ ಕಾಡು. ಎಸ್ಟೀಮಣ್ಣನ ನಂಬರಿಗೆ ಹುಡುಕಿದೆ, ನನಗೆ ಸಿಗಲಿಲ್ಲ. ಅಲ್ಲಿಗೆ ಫ್ಲ್ಯಾಶ್ ಟೂಲಿನ ಮಾತು ಮುಗಿಯಿತು.

ಬಟವಾಡಿ ಬೆಸುಗೆ

ವೈಡ್‌ಬ್ಯಾಂಡ್ ತಗೊಳ್ಳುವುದಾದರೆ ಹೊಗೆ ಪೈಪಿಗೆ ಸೆನ್ಸರ್ ಕೂರಿಸುವ ಬಂಗ್ ಹಾಕಿಸಬೇಕು. ಈ ಕೆಲಸ ನಾನು ಮಾಡಿದ್ದೇನೆ. ಎಂ18, 1.5 ಪಿಚ್ ನಟ್. ಎಸ್ಟೀಮಣ್ಣ, ನೀನೇ ಸಿಎನ್‌ಸಿಯಲ್ಲಿ ತಿರುವಿಕೋ. ಸ್ಟೇನ್‌ಲೆಸ್ ಆದರೆ ಒಳ್ಳೆಯದು.

ಪೈಪಿನ ಕೆಳಭಾಗಕ್ಕೆ ಹಾಕಿಸಬೇಡ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಪೈಪಲ್ಲಿ ನೀರು ನಿಲ್ಲುತ್ತದೆ. ಕಾದ ಸೆನ್ಸರಿಗೆ ಒಂದು ಹನಿ ತಾಗಿದರೆ ಒಳಗಿನ ಸೆರಾಮಿಕ್ ಬಿರುಕು ಬಿಡುತ್ತದೆ. ಗಡಿಯಾರದ ಹತ್ತು ಗಂಟೆಯಿಂದ ಎರಡು ಗಂಟೆ ಒಳಗೆ, ಮೇಲ್ಮುಖವಾಗಿ ಇರಬೇಕು. ಹೊಗೆ ಶುದ್ಧ ಮಾಡುವ ಕ್ಯಾಟ್‌ಗಿಂತ ಮುಂಚೆ. ಸೆನ್ಸರ್ ಹಾಕಿದ ಮೇಲೆ ಅದಕ್ಕೆ ಕರೆಂಟ್ ಕೊಡದೆ ಗಾಡಿ ಓಡಿಸಬೇಡ, ಮಸಿ ಹಿಡಿದು ಹಾಳಾಗುತ್ತದೆ. ಹೆಡರ್ ಜಾಯಿಂಟಲ್ಲಿ ಎಲ್ಲಾದರೂ ಲೀಕ್ ಇದೆಯಾ ನೋಡು. ಲೀಕ್ ಇದ್ದರೆ ಹೊರಗಿನ ಗಾಳಿ ಸೇರಿ, ಪೆಟ್ರೋಲ್ ಕಡಿಮೆ ಅಂತ ಸುಳ್ಳು ಹೇಳುತ್ತದೆ.

ಮಧುಗಿರಿ ಬಂಡೆ

ಒಂದು ಅನುಮಾನ. ಈಗ ಬಂಕಲ್ಲಿ ಸಿಗುವುದು ಇ20. ಶೇಕಡಾ 20 ಎಥೆನಾಲ್. ಗೇಜಿನಲ್ಲಿ 14.7 (ಒಂದು ಪಾಲು ಪೆಟ್ರೋಲ್‌ಗೆ ಅಷ್ಟು ಪಾಲು ಗಾಳಿ) ಇರಬೇಕು ಅನ್ನುವುದು ಹಳೇ ಪೆಟ್ರೋಲ್ ಲೆಕ್ಕ ಅಲ್ವಾ? ಇ20ಗೆ 13.5 ಅಂತ ಓದಿದ್ದೆ. ಹಾಗಾದರೆ ಗೇಜ್ ನೋಡಿ ಟ್ಯೂನ್ ಮಾಡುವುದೇ ತಪ್ಪು.

ಪಾವಗಡ ಬಿಸಿಲು

ನಾನು 14.7 ಇಟ್ಟೇ ಓಡಿಸುತ್ತಿದ್ದೇನೆ, ಏನೂ ಆಗಿಲ್ಲ.

ಮಧುಗಿರಿ ಬಂಡೆ

ಕರಾವಳಿಯಲ್ಲಿ ಟಣ ಟಣ ಅಂದಿದ್ದು ಮರೆತೆಯಾ?

ಕ್ಯಾತ್ಸಂದ್ರ ಕೋಡು

ಜಗಳ ಬೇಡ, ಇಬ್ಬರೂ ಸರಿ. 13.5 ಲೆಕ್ಕ ನಿಜ. ಆದರೆ ಸೆನ್ಸರಿಗೆ ಪೆಟ್ರೋಲ್ ಯಾವುದು ಅಂತ ಗೊತ್ತಿಲ್ಲ. ಅದು ನೋಡುವುದು ಉರಿದ ಮೇಲೆ ಆಕ್ಸಿಜನ್ ಉಳಿಯಿತಾ, ಪೆಟ್ರೋಲ್ ಉಳಿಯಿತಾ ಅಂತ. ಎರಡೂ ಉಳಿಯದಿದ್ದರೆ ಲ್ಯಾಂಬ್ಡಾ 1. ಪೆಟ್ರೋಲ್ ಜಾಸ್ತಿ ಆದರೆ ಅದಕ್ಕಿಂತ ಕೆಳಗೆ, ಕಡಿಮೆ ಆದರೆ ಮೇಲೆ. ಗೇಜು ಆ 1ನ್ನು 14.7ರಿಂದ ಗುಣಿಸಿ ತೋರಿಸುತ್ತದೆ, ಒಳಗೆ ಇ20 ಇರಲಿ, ಹಳೇ ಪೆಟ್ರೋಲ್ ಇರಲಿ. ಹಾಗಾಗಿ ಗೇಜನ್ನು ಲ್ಯಾಂಬ್ಡಾಗೆ ಬದಲಾಯಿಸಿಕೊಳ್ಳಿ, ಈ ತಲೆನೋವೇ ಇಲ್ಲ. ಸಮ ಓಟದಲ್ಲಿ 1, ಪೂರ್ತಿ ತುಳಿದಾಗ 0.86ರಿಂದ 0.88. ಟರ್ಬೋ ಇಲ್ಲದ ಇಂಜಿನ್‌ಗೆ ಅಷ್ಟಿದ್ದರೆ ನಿದ್ದೆ ಬರುತ್ತದೆ.

ಆದರೆ ಇ20 ವಿಷಯ ಎಸ್ಟೀಮ್‌ಗೆ ಬೇರೆ ರೀತಿ ತಾಗುತ್ತದೆ. 2004ರಲ್ಲಿ ಆ ಕೋಷ್ಟಕ ಬರೆದವರ ತಲೆಯಲ್ಲಿ ಇ20 ಇರಲಿಲ್ಲ. ಅಷ್ಟೇ ಹೊತ್ತು ಇಂಜೆಕ್ಟರ್ ತೆರೆದರೆ, ಇ20ಯಲ್ಲಿ ಮಿಶ್ರಣ ಶೇಕಡಾ 7–8ರಷ್ಟು ತೆಳುವಾಗುತ್ತದೆ, ಅಂದರೆ ಪೆಟ್ರೋಲ್ ಸಾಲುವುದಿಲ್ಲ. ಸಮ ಓಟದಲ್ಲಿ ಆಕ್ಸಿಜನ್ ಸೆನ್ಸರ್ ಹೇಳಿ ಸರಿ ಮಾಡಿಸುತ್ತದೆ. ಪೂರ್ತಿ ತುಳಿದಾಗ ಹೇಳುವವರಿಲ್ಲ. ಕೆಲವು ಇಸಿಯುಗಳು ಸಮ ಓಟದಲ್ಲಿ ಕಲಿತದ್ದನ್ನು ಅಲ್ಲಿಗೂ ಒಯ್ಯುತ್ತವೆ, ಎಲ್ಲವೂ ಅಲ್ಲ.

ತಿಪಟೂರು ಕೊಬ್ಬರಿ

ಕಾನೂನಿನ ಮಾತು ಯಾರೂ ಎತ್ತಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಾಯಿಸುವ ಹಾಗಿಲ್ಲ. 2019ರ ತಿದ್ದುಪಡಿ ಬಂದ ಮೇಲೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಎಸ್ಟೀಮಣ್ಣನ ಗಾಡಿಗೆ 15 ವರ್ಷ ದಾಟಿದೆ. ಮುಂದಿನ ಸಲ ಆರ್‌ಸಿ ನವೀಕರಣಕ್ಕೆ ಹೋದಾಗ ಆ ಸೈಲೆನ್ಸರ್ ಶಬ್ದ ಕೇಳಿದರೇ ಸಾಕು. ಹಳೇ ಸೈಲೆನ್ಸರ್ ಬಿಸಾಡಿಲ್ಲ ತಾನೇ?

ಕೆಎ-06 ಎಸ್ಟೀಮ್

ಅಟ್ಟದ ಮೇಲಿದೆ. ಅಮ್ಮ ದಿನಾ ಬೈಯುತ್ತಾಳೆ.

ಕೆಎ-06 ಎಸ್ಟೀಮ್

ಆರು ವಾರ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ವೈಡ್‌ಬ್ಯಾಂಡ್ ಬಂತು. ಬಂಗ್ ನಾನೇ ತಿರುವಿದೆ, ಬಟವಾಡಿ ಅಣ್ಣ ಬೆಸುಗೆ ಹಾಕಿಕೊಟ್ಟರು, ದುಡ್ಡು ತಗೊಳ್ಳಲಿಲ್ಲ.

ನನ್ನ ಇಸಿಯು ಮಾತಾಡುವುದಿಲ್ಲವಲ್ಲ, ಲಾಗ್ ಹೇಗೆ? ತಮ್ಮನನ್ನು ಹಿಂದಿನ ಸೀಟಲ್ಲಿ ಕೂರಿಸಿದೆ. ಅವನು ಮೊಬೈಲಲ್ಲಿ ಆರ್‌ಪಿಎಂ ಮೀಟರ್, ಲ್ಯಾಂಬ್ಡಾ ಗೇಜ್ ಎರಡೂ ಒಟ್ಟಿಗೆ ಬರುವ ಹಾಗೆ ವಿಡಿಯೋ ಮಾಡಿದ. ದುರ್ಗದ ರಸ್ತೆ ಬೇಡ ಅಂದುಕೊಂಡೆ, ಅಲ್ಲಿ ಕೋತಿಗಳು, ದೇವಸ್ಥಾನಕ್ಕೆ ಹೋಗುವ ಜನ. ವಸಂತನರಸಾಪುರದ ಕಡೆ ಖಾಲಿ ನೇರ ರಸ್ತೆಯಲ್ಲಿ, ಭಾನುವಾರ ಬೆಳಿಗ್ಗೆ ಆರಕ್ಕೆ, ಎರಡನೇ ಗೇರಲ್ಲಿ ಮಾತ್ರ. ಮನೆಗೆ ಬಂದು ವಿಡಿಯೋ ನಿಲ್ಲಿಸಿ ನಿಲ್ಲಿಸಿ ಪುಸ್ತಕದಲ್ಲಿ ಬರೆದೆ.

ಸಮ ಓಟ: 0.98ರಿಂದ 1.02 ನಡುವೆ ಆಡುತ್ತಿದೆ. ಪೂರ್ತಿ ತುಳಿದಾಗ 3,000ದಲ್ಲಿ 0.91. 3,500ರಲ್ಲಿ 0.94. 4,000ದಲ್ಲಿ 0.99. 4,500ರಲ್ಲಿ 1.09. ಅಲ್ಲಿಗೆ ಕಾಲು ತೆಗೆದೆ, ಭಯವಾಯಿತು.

ಕ್ಯಾತ್ಸಂದ್ರ ಕೋಡು

ತೆಗೆದದ್ದು ಒಳ್ಳೆಯದಾಯಿತು. ಪೂರ್ತಿ ಭಾರದಲ್ಲಿ 1.09 ಅಂದರೆ ಪಿಸ್ಟನ್ ಮೇಲೆ ಒಲೆ ಇಟ್ಟ ಹಾಗೆ. ಈ ಆಕಾರ ನೋಡಿ. ಆರ್‌ಪಿಎಂ ಏರಿದಷ್ಟೂ ಬರಬರುತ್ತಾ ತೆಳುವಾಗುತ್ತಿದೆ. ಹೆಡರ್‌ನಿಂದ, ಇ20ಯಿಂದ ಆದರೆ ಎಲ್ಲಾ ಕಡೆ ಹೆಚ್ಚು ಕಡಿಮೆ ಒಂದೇ ಅಳತೆಯಲ್ಲಿ ತೆಳುವಾಗಬೇಕಿತ್ತು. ಮಿಸ್‌ಫೈರ್ ಆದರೂ ಹೀಗೆ ತೋರಿಸಬಹುದು, ಉರಿಯದ ಆಕ್ಸಿಜನ್ ಸೆನ್ಸರಿಗೆ ಸಿಗುತ್ತದೆ. ಆದರೆ ಆಗ ಗಾಡಿ ಕುಲುಕುತ್ತದೆ. ಮಾವ, ನೀವೇ ಹೇಳಿ.

ಸ್ಪ್ಯಾನರ್ ಮಾವ

ಮೊದಲ ದಿನವೇ ಹೇಳಿದ್ದೆ. ಪ್ರೆಶರ್ ಗೇಜ್.

ಬಾನೆಟ್ ತೆರೆದು, ನಿಂತಲ್ಲಿ ನೋಡಿದರೆ ಸಾಲದು. ಉದ್ದ ಪೈಪಿನ ಗೇಜ್ ಸಿಗುತ್ತದೆ. ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ರೈಲ್‌ಗೆ ಸಿಕ್ಕಿಸಿ, ಪೈಪನ್ನು ಬಾನೆಟ್ ಸಂದಿಯಿಂದ ಹೊರಗೆ ತಂದು, ಗೇಜನ್ನು ವೈಪರ್ ಕೆಳಗೆ ಸಿಕ್ಕಿಸು. ಗಾಜಿನ ಹೊರಗೆ ಇರಬೇಕು, ಒಳಗೆ ತರಬೇಡ, ಒಳಗೆ ಇರುವುದು ಪೆಟ್ರೋಲ್. ಕ್ಲಿಪ್ ಎರಡು ಸಲ ಬಿಗಿ ಮಾಡು. ನಿನ್ನ ಥರದ ಗಾಡಿಯಲ್ಲಿ ಪೆಟ್ರೋಲ್ ಒತ್ತಡ ಹಿಡಿದಿಡುವ ರೆಗ್ಯುಲೇಟರಿಗೆ ವ್ಯಾಕ್ಯೂಮ್ ಪೈಪ್ ಹೋಗಿರುತ್ತದೆ. ಪೂರ್ತಿ ತುಳಿದಾಗ ಮುಳ್ಳು ಸ್ವಲ್ಪ ಮೇಲೆ ಏರಿ ಅಲ್ಲೇ ನಿಲ್ಲಬೇಕು. ಇಳಿದರೆ ನಿನ್ನ ಕಂಪ್ಯೂಟರ್ ಪುಣ್ಯಾತ್ಮ, ತಪ್ಪಿಲ್ಲದ್ದಕ್ಕೆ ಬೈಸಿಕೊಂಡ.

ಕೆಎ-06 ಎಸ್ಟೀಮ್

ಇಳಿಯಿತು ಮಾವ. ಐಡಲ್‌ನಲ್ಲಿ 2.4 ಬಾರ್. ತುಳಿದ ತಕ್ಷಣ 2.9ಕ್ಕೆ ಏರಿತು. 4,000 ಆಗುವಷ್ಟರಲ್ಲಿ 2.4, ಆಮೇಲೆ 2ರ ಹತ್ತಿರ.

ಟ್ಯಾಂಕ್ ಖಾಲಿ ಮಾಡಿ ಪಂಪ್ ಹೊರಗೆ ತೆಗೆದೆವು. ಕೆಳಗಿನ ಜಾಲರಿ ಚೀಲ ಬಿಳಿ ಇರಬೇಕಂತೆ. ನನ್ನದು ಕಾಫಿ ಸೋಸಿದ ಬಟ್ಟೆ ಥರ ಇತ್ತು. ಒತ್ತಿದರೆ ಕಂದು ಬಣ್ಣದ ಅಂಟು ಬೆರಳಿಗೆ ಹತ್ತಿತು, ಅದರಲ್ಲಿ ತುಕ್ಕಿನ ಪುಡಿ. ಹೊರಗಿನ ಫಿಲ್ಟರ್ ಬಾಯಿಂದ ಊದಿದರೂ ಗಾಳಿ ಹೋಗುತ್ತಿರಲಿಲ್ಲ.

ಸ್ಪ್ಯಾನರ್ ಮಾವ

ಇಪ್ಪತ್ತು ವರ್ಷ ಟ್ಯಾಂಕಿನ ತಳದಲ್ಲಿ ಮಲಗಿದ್ದನ್ನು ಎಥೆನಾಲ್ ಎಬ್ಬಿಸಿದೆ. ಹಳೇ ಗಾಡಿಗಳಲ್ಲಿ ಈಗ ಇದೇ ಕಥೆ. ರಬ್ಬರ್ ಪೈಪುಗಳನ್ನೂ ಹಿಂಡಿ ನೋಡು, ಬಿರುಕು ಇದ್ದರೆ ಇವತ್ತೇ ಬದಲಾಯಿಸು.

ಕೆಎ-06 ಎಸ್ಟೀಮ್

ಜಾಲರಿ, ಫಿಲ್ಟರ್, ಎರಡು ಅಡಿ ಪೈಪ್, ಕ್ಲಿಪ್. 1,340 ರೂಪಾಯಿ. ಈಗ ಒತ್ತಡ 2.9ರಲ್ಲೇ ನಿಲ್ಲುತ್ತದೆ. ಪೂರ್ತಿ ತುಳಿದಾಗ ಲ್ಯಾಂಬ್ಡಾ 3,000ದಲ್ಲಿ 0.91, 5,000ದಲ್ಲಿ 0.92. ಮೊನ್ನೆ ಅಮ್ಮನನ್ನು ಕರೆದುಕೊಂಡು ದುರ್ಗಕ್ಕೆ ಹೋಗಿದ್ದೆ, ಏರಿನಲ್ಲಿ ಮೂರನೇ ಗೇರಲ್ಲೇ ಹತ್ತಿತು. ಮುಂಚೆ ಎರಡಕ್ಕೆ ಇಳಿಸುತ್ತಿದ್ದೆ.

ಆದರೆ 0.92 ಸ್ವಲ್ಪ ತೆಳು ಅಲ್ವಾ? 0.87 ಬೇಕು ಅಂದಿದ್ದಿರಿ. ಈಗಲಾದರೂ ಟೂಲ್ ತಗೊಳ್ಳಲಾ?

ಕ್ಯಾತ್ಸಂದ್ರ ಕೋಡು

ಈಗ ಉಳಿದಿರುವುದು ಎಲ್ಲಾ ಕಡೆ ಒಂದೇ ಅಳತೆಯ ಕೊರತೆ, ಸುಮಾರು ಶೇಕಡಾ 5. ಇದು ಹೆಡರ್ ಮತ್ತು ಇ20ಯ ಬಾಕಿ. ಇದಕ್ಕೆ ಕಂಪ್ಯೂಟರ್ ಮುಟ್ಟಬೇಕಾಗಿಲ್ಲ. ಹೊಂದಿಸಬಹುದಾದ ಪ್ರೆಶರ್ ರೆಗ್ಯುಲೇಟರ್ ಹಾಕು. ಇಂಜೆಕ್ಟರಿನಿಂದ ಹೋಗುವ ಪೆಟ್ರೋಲ್ ಒತ್ತಡದ ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ. ಒತ್ತಡ ಶೇಕಡಾ 10 ಏರಿಸಿದರೆ ಪೆಟ್ರೋಲ್ ಸುಮಾರು 5 ಏರುತ್ತದೆ. ನಿನ್ನ 2.9 ಬಾರ್ 3.2 ಆಗಬೇಕು. ಸಮ ಓಟದಲ್ಲಿ ಜಾಸ್ತಿ ಆದದ್ದನ್ನು ಆಕ್ಸಿಜನ್ ಸೆನ್ಸರ್ ತಾನೇ ಕಡಿಮೆ ಮಾಡಿಸುತ್ತದೆ. ಆಮೇಲೆ ಹೊಗೆ ತಪಾಸಣೆಗೆ ಹೋಗು. ನಿನ್ನ ಕಾಲದ ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ ಸಿಒ (ಕಾರ್ಬನ್ ಮೊನಾಕ್ಸೈಡ್) ಶೇಕಡಾ 0.5 ಒಳಗಿರಬೇಕು, ಬಿಎಸ್4 ಆಗಿದ್ದರೆ 0.3.

ಸ್ಪ್ಯಾನರ್ ಮಾವ

ಒಂದು ಸ್ಕ್ರೂ, ಒಂದು ಲಾಕ್ ನಟ್. ಕಾರ್ಬುರೇಟರ್ ಜೆಟ್ ಬದಲಾಯಿಸಿದ ಹಾಗೇ ಆಯಿತು ನೋಡು.

ಪಾವಗಡ ಬಿಸಿಲು

ಮಾವನಿಗೆ ಇವತ್ತು ಹಬ್ಬ. ಎಸ್ಟೀಮಣ್ಣ, ಕಲಿಯುವ ಆಸೆ ಇದ್ದರೆ ಸ್ಪೀಡುಯಿನೋ ತಗೋ, ಗಾಡಿಗೆ ಹಾಕಬೇಡ. ಮೇಜಿನ ಮೇಲೆ ಇಡು. ಇನ್ನೊಂದು ಸಣ್ಣ ಆರ್ಡುಯಿನೋಗೆ ಆರ್ಡುಸ್ಟಿಮ್ ಹಾಕಿದರೆ ಅದು ಕ್ರ್ಯಾಂಕ್ ಥರ ಸುಳ್ಳು ಸಿಗ್ನಲ್ ಕೊಡುತ್ತದೆ. ಇಂಜೆಕ್ಟರ್ ಬದಲು ಎಲ್‌ಇಡಿ ಮಿನುಗುತ್ತದೆ. ವೈರ್ ಅದಲು ಬದಲಾದರೆ ಢಮ್ ಅನ್ನುವುದಿಲ್ಲ. ನಾನು ಇದನ್ನು ಮೊದಲು ಮಾಡಬೇಕಿತ್ತು.

ಕೆಎ-06 ಎಸ್ಟೀಮ್

ರೆಗ್ಯುಲೇಟರ್ ಆರ್ಡರ್ ಮಾಡಿದೆ, ಶುಕ್ರವಾರ ಬರುತ್ತದೆ. ಟೈಮಿಂಗ್ ಇನ್ನೂ ನೋಡಿಲ್ಲ. ತುಮಕೂರಲ್ಲಿ ಯಾರ ಹತ್ತಿರ ಟೈಮಿಂಗ್ ಲೈಟ್ ಇದೆ?

ಸ್ಪ್ಯಾನರ್ ಮಾವ

ನನ್ನ ಹತ್ತಿರ ಇದೆ. ಭಾನುವಾರ ಏಳು ಗಂಟೆಗೆ ಬಾ, ಬಿಸಿಲೇರಿದರೆ ಪುಲ್ಲಿಯ ಗುರುತು ಕಾಣುವುದಿಲ್ಲ. ಬರುವಾಗ ಸೀಮೆಸುಣ್ಣ ತಗೊಂಡು ಬಾ. ಕ್ಯಾತ್ಸಂದ್ರದ ಕಡೆಯಿಂದ ಬರುವವರು ಯಾರಾದರೂ ಇದ್ದರೆ ನಾಲ್ಕು ಪ್ಲೇಟ್ ತಟ್ಟೆ ಇಡ್ಲಿ.

ಕ್ಯಾತ್ಸಂದ್ರ ಕೋಡು

ಆರು ತರುತ್ತೇನೆ. ಲ್ಯಾಪ್‌ಟಾಪ್ ತರಲಾ?

ಸ್ಪ್ಯಾನರ್ ಮಾವ

ಇಡ್ಲಿ ಇಡೋಕೆ ಆಗುತ್ತದೆ, ತಾ.